ರಾಜಕಾಲುವೆಯ ನೆರೆಯನ್ನು ಎಣಿಸುವ ಬಗೆ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿರುವ ಊರು. ದೊಡ್ಡ ನದಿ ಯಾವುದೂ ಇದರ ನಡುವೆ ಹರಿಯುವುದಿಲ್ಲ. ಆದರೂ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಣ ಬಡಾವಣೆಗಳು ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ನದಿಯಿಲ್ಲದ ಊರಿಗೆ ನೆರೆ ಎಲ್ಲಿಂದ ಬಂದಿತು? ಅದು ಎಷ್ಟು ಬರಬಹುದೆಂದು ಮುಂಚೆಯೇ ಎಣಿಸಲು ಸಾಧ್ಯವೆ?

ಮೊದಲನೆಯ ಪ್ರಶ್ನೆಗೆ ಉತ್ತರವು ನೆಲದ ರಚನೆಯಲ್ಲಿದೆ. ದಿಣ್ಣೆಯ ಮೇಲೆ ಬಿದ್ದ ನೀರು ಹಲವು ಕಣಿವೆಗಳಲ್ಲಿ ಇಳಿಯುತ್ತದೆ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯು ಅರ್ಕಾವತಿಯನ್ನು ಸೇರುತ್ತದೆ. ಕೋರಮಂಗಲದ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹಿಂದಿನವರು ಈ ಕಣಿವೆಗಳಿಗೆ ಅಡ್ಡಲಾಗಿ ಕೆರೆಗಳ ಸಾಲನ್ನೇ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದಾಗ ಹೆಚ್ಚಿನ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಪ್ರತಿಯೊಂದು ಕೆರೆಯೂ ನೆರೆಯ ರಭಸವನ್ನು ತಡೆದು, ನೀರನ್ನು ನಿಧಾನವಾಗಿ ಮುಂದಕ್ಕೆ ಬಿಡುತ್ತಿತ್ತು.

ಇನ್ನು ಎಣಿಕೆಯ ವಿಚಾರ. ಐರ್ಲೆಂಡಿನ ಇಂಜಿನಿಯರ್ ಮಲ್ವನಿಯು 1851ರಲ್ಲಿ ಪ್ರಕಟಿಸಿದ ತತ್ತ್ವವನ್ನು, ಅಮೆರಿಕದ ರಾಚೆಸ್ಟರ್ ನಗರದ ಚರಂಡಿಗಳನ್ನು ಕುರಿತು ಅಭ್ಯಸಿಸಿದ ಕ್ವಿಕ್ಲಿಂಗನು 1889ರಲ್ಲಿ ಬೆಳೆಸಿದನು. ಚಿಕ್ಕ ಪ್ರದೇಶಗಳಿಗೆ ಇಂದಿಗೂ ಅದೇ ಸೂತ್ರವನ್ನು ಬಳಸುತ್ತಾರೆ. ಅದು ಬಲು ಸರಳ: ನೀರು ಕೂಡುವ ಪ್ರದೇಶದ ವಿಸ್ತೀರ್ಣ, ಮಳೆಯ ತೀವ್ರತೆ, ಬಿದ್ದ ನೀರಿನಲ್ಲಿ ಹರಿದುಹೋಗುವ ಭಾಗ - ಈ ಮೂರನ್ನೂ ಗುಣಿಸಿದರೆ ಕಾಲುವೆಯ ಗರಿಷ್ಠ ಪ್ರವಾಹವು ದೊರೆಯುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಚದರ ಕಿಲೋಮೀಟರಿನ ಮೇಲೆ ಗಂಟೆಗೆ 60 ಮಿಲಿಮೀಟರಿನಂತೆ ಮಳೆ ಸುರಿಯುತ್ತಿದೆ. ಅಂದರೆ ಗಂಟೆಗೆ 60,000 ಘನಮೀಟರು, ಸೆಕೆಂಡಿಗೆ ಸುಮಾರು 16.7 ಘನಮೀಟರು ನೀರು ಬೀಳುತ್ತಿದೆ. ಆ ನೆಲವು ತೋಟ ಹೊಲಗಳಿಂದ ಕೂಡಿದ್ದು, ನೂರರಲ್ಲಿ 30 ಪಾಲು ಮಾತ್ರ ಹರಿದುಹೋದರೆ ಪ್ರವಾಹವು ಸೆಕೆಂಡಿಗೆ 5 ಘನಮೀಟರು. ಅಲ್ಲಿಯೇ ಮನೆಗಳೂ ಡಾಂಬರು ರಸ್ತೆಗಳೂ ತುಂಬಿ, ನೂರರಲ್ಲಿ 80 ಪಾಲು ಹರಿದುಹೋದರೆ ಅದು 13 ಘನಮೀಟರನ್ನು ಮೀರುತ್ತದೆ.

ಹೆಚ್ಚಳ ಇಷ್ಟಕ್ಕೇ ನಿಲ್ಲುವುದಿಲ್ಲ. ಪ್ರದೇಶದ ಅತಿ ದೂರದ ಹನಿಯು ಕಾಲುವೆಯ ಬಾಯಿಗೆ ಬಂದು ಸೇರಲು ಬೇಕಾಗುವ ಕಾಲವನ್ನು ನಾವು ಗಮನಿಸಬೇಕು. ಆ ಹೊತ್ತಿಗೆ ಎಲ್ಲ ಮೂಲೆಗಳ ನೀರೂ ಒಟ್ಟುಗೂಡುವುದರಿಂದ, ಸೂತ್ರದಲ್ಲಿ ಅಷ್ಟು ಅವಧಿಯ ಮಳೆಯ ತೀವ್ರತೆಯನ್ನೇ ತೆಗೆದುಕೊಳ್ಳುತ್ತಾರೆ. ಹುಲ್ಲಿನ ನಡುವೆ ಒಂದು ಗಂಟೆ ತೆವಳುತ್ತಿದ್ದ ನೀರು ನುಣುಪಾದ ಸಿಮೆಂಟಿನ ಮೇಲೆ 20 ನಿಮಿಷದಲ್ಲಿ ಬಂದುಬಿಡಬಹುದು. ಅಲ್ಪಾವಧಿಯ ಮಳೆಯು ಸಾಮಾನ್ಯವಾಗಿ ಹೆಚ್ಚು ಬಿರುಸು. ಆ 20 ನಿಮಿಷಗಳ ತೀವ್ರತೆಯು ಗಂಟೆಗೆ 90 ಮಿಲಿಮೀಟರು ಎಂದಿಟ್ಟುಕೊಂಡರೆ ಪ್ರವಾಹವು 20 ಘನಮೀಟರಾಗುತ್ತದೆ. ಮೋಡ ಬದಲಾಗಲಿಲ್ಲ, ನೆಲ ಬದಲಾಯಿತು. ನೆರೆ ನಾಲ್ಕು ಪಟ್ಟಾಯಿತು.

ಈಗ ಕಾಲುವೆಯ ಕಡೆ ನೋಡೋಣ. ಅಗಲ 4 ಮೀಟರು, ಆಳ 1.5 ಮೀಟರು, ನೀರಿನ ವೇಗ ಸೆಕೆಂಡಿಗೆ 2 ಮೀಟರು ಇದ್ದರೆ ಅದು ಸಾಗಿಸಬಲ್ಲುದು 12 ಘನಮೀಟರನ್ನು ಮಾತ್ರ. ಹೂಳು ಅರ್ಧ ಮೀಟರು ತುಂಬಿದರೆ, ವೇಗ ತಗ್ಗದಿದ್ದರೂ, 8 ಘನಮೀಟರು. ಉಳಿದ ನೀರು ದಂಡೆಯ ಮನೆಗಳೊಳಗೆ ನುಗ್ಗದೆ ಬೇರೆಲ್ಲಿಗೆ ಹೋದೀತು?

ಹಾಗಾದರೆ ಎಷ್ಟು ದೊಡ್ಡ ಮಳೆಗೆ ಕಾಲುವೆಯನ್ನು ಕಟ್ಟಬೇಕು? ಹಲವು ದಶಕಗಳ ಮಳೆಯ ದಾಖಲೆಗಳಿಂದ "ನೂರು ವರ್ಷದ ಮಳೆ" ಎಂಬುದನ್ನು ಲೆಕ್ಕ ಹಾಕುತ್ತಾರೆ. ಈ ಹೆಸರು ಅನೇಕರನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ಅಂಥ ಅಥವಾ ಅದಕ್ಕೂ ಹೆಚ್ಚಿನ ಮಳೆ ಬರುವ ಸಂಭಾವ್ಯತೆ ನೂರರಲ್ಲಿ ಒಂದು ಎಂದಷ್ಟೇ ಅರ್ಥ. ಒಂದು ವರ್ಷ ಅದು ಬಾರದಿರುವ ಸಂಭಾವ್ಯತೆ 0.99, ಮೂವತ್ತು ವರ್ಷವೂ ಬಾರದಿರುವುದು 0.99ರ ಮೂವತ್ತನೆಯ ಘಾತ, ಎಂದರೆ ಸುಮಾರು 0.74. ಆದ್ದರಿಂದ ಕಾಲುವೆಯ ದಡದಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ಬಾಳುವವನು ಅಂಥ ಮಳೆಯನ್ನು ಒಮ್ಮೆಯಾದರೂ ಕಾಣುವ ಸಂಭಾವ್ಯತೆ ನೂರರಲ್ಲಿ 26. ಹಳೆಯ ದಾಖಲೆಗಳು ಹೇಳುವುದಕ್ಕಿಂತ ಮಳೆ ಬಿರುಸಾದಲ್ಲಿ ಈ ಅಂಕಿಯೂ ಏರುತ್ತದೆ.

ಮಳೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಸೂತ್ರದ ಇತರ ಅಂಶಗಳು ಬಹುಮಟ್ಟಿಗೆ ನಮ್ಮ ಅಧೀನದಲ್ಲಿವೆ. ನೀರು ಇಂಗುವ ನೆಲವನ್ನು ಉಳಿಸಿದರೆ ಹರಿಯುವ ಪಾಲು ತಗ್ಗುತ್ತದೆ. ಕೆರೆಗಳನ್ನು ಉಳಿಸಿದರೆ ನೀರು ತಡವಾಗಿ ಬರುತ್ತದೆ. ಹೂಳೆತ್ತಿ ಒತ್ತುವರಿಯನ್ನು ತೆರವು ಮಾಡಿದರೆ ಕಾಲುವೆಗೆ ತನ್ನ ಶಕ್ತಿ ಮರಳುತ್ತದೆ. ನಿಮ್ಮ ಊರಿನ ಕಾಲುವೆಯ ಅಗಲ, ಆಳಗಳನ್ನು ಬೇಸಗೆಯಲ್ಲಿ ಅಳೆದು, ಅದಕ್ಕೆ ನೀರು ಕೂಡುವ ಪ್ರದೇಶವನ್ನು ಭೂಪಟದಲ್ಲಿ ಗುರುತಿಸಿ, ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.