ಹೊರೆ ಹೊತ್ತ ಸೈಕಲ್ಲಿಗೆ ಎಂಥ ಗೇರ್?

ಪ್ರಶ್ನೆ: ಸಾಮಾನು ಕಟ್ಟಿದ ಸೈಕಲ್ಲಿನಲ್ಲಿ ಕಾಪುವಿನಿಂದ ಕಾರ್ಕಳದತ್ತ ಹೊರಡುವವರಿಗೆ ಯಾವ ಗೇರ್ ಸೂಕ್ತ?

ಉತ್ತರ: ಪೆಡಲ್ ಬಳಿಯ ಚಕ್ರದ ಹಲ್ಲುಗಳನ್ನು ಹಿಂದಿನ ಚಕ್ರದ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಗೇರ್ ಅನುಪಾತವಾಗಿದ್ದು, ಪೆಡಲ್ ಒಮ್ಮೆ ಸುತ್ತಿದಾಗ ಹಿಂದಿನ ಗಾಲಿ ಎಷ್ಟು ಸುತ್ತುತ್ತದೆಂಬುದನ್ನು ಅದು ತಿಳಿಸುತ್ತದೆ. ಕಾಪು–ಉಡುಪಿ ನಡುವಿನ ಹೆಚ್ಚುಕಡಿಮೆ ಸಮತಟ್ಟಾದ ಹೆದ್ದಾರಿಗೆ 44ಕ್ಕೆ 16, ಅಂದರೆ 2.75 ಧಾರಾಳವಾಗಿ ಸಾಕು. ಆದರೆ ಮಣಿಪಾಲದ ಗುಡ್ಡ ಏರುವಾಗಲೂ ಕಾರ್ಕಳ ದಾಟಿ ಘಟ್ಟದ ಕಡೆ ತಿರುಗಿದಾಗಲೂ ಹೊರೆಯ ಶ್ರಮವೆಲ್ಲ ಮೊಣಕಾಲಿನ ಮೇಲೆ ಬೀಳುವುದರಿಂದ, ಅತಿ ಕೆಳಗಿನ ಅನುಪಾತ 1ಕ್ಕಿಂತ ಕಡಿಮೆಯಿರಲೇಬೇಕು. 26ಕ್ಕೆ 34 ಹಲ್ಲುಗಳಿದ್ದರೆ, ಸುಮಾರು 2.1 ಮೀಟರ್ ಸುತ್ತಳತೆಯ ಗಾಲಿ ಪೆಡಲಿನ ಪ್ರತಿ ಸುತ್ತಿಗೆ 1.6 ಮೀಟರಷ್ಟೇ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ 6 ಕಿಲೋಮೀಟರ್ ಮುಟ್ಟದಿದ್ದರೂ ಕಾಲು ಸೋಲುವುದಿಲ್ಲ. ಸೈಕಲ್ ಕೊಳ್ಳುವವರು ಮೊದಲು ಅತಿ ಕೆಳಗಿನ ಗೇರಿನ ಹಲ್ಲುಗಳನ್ನೇ ಎಣಿಸಿ ನೋಡಬೇಕು.