ಬಳೆ ತೊಟ್ಟ ನಳಿಗೆ

ಬೀದರ ಕೋಟೆಯ ಬುರುಜುಗಳ ಮೇಲೆ ನಾವು ಕಾಣುವ ದೊಡ್ಡ ತೋಪುಗಳಲ್ಲಿ ಕೆಲವು ಎರಕ ಹೊಯ್ದವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಬೆಸೆದು, ಮೇಲೆ ಬಳೆಗಳನ್ನು ತೊಡಿಸಿ ಅವುಗಳ ನಳಿಗೆಯನ್ನು ಕಟ್ಟಿದ್ದಾರೆ. ತೋಪಿಗೆ ಕಂಚು ಒಳ್ಳೆಯದೇ. ಆದರೆ ತಾಮ್ರ, ತವರಗಳು ದುಬಾರಿ. ಕಬ್ಬಿಣವು ಅಗ್ಗ, ಅಷ್ಟು ಕಬ್ಬಿಣವನ್ನು ಒಮ್ಮೆಗೇ ಕರಗಿಸುವ ಕುಲುಮೆ ಮಾತ್ರ ಅಂದು ಇಲ್ಲಿರಲಿಲ್ಲ.

ಅಗ್ಗದ ನಳಿಗೆ ಸಿಡಿದರೆ ಸಾಯುವವನು ಶತ್ರುವಲ್ಲ, ತೋಪು ಹಾರಿಸುವವನು. ಮದ್ದಿನ ಅನಿಲವು ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ. ಆದರೂ, ತುದಿ ಮುಚ್ಚಿದ ತೆಳುಗೋಡೆಯ ಕೊಳವೆಯೆಂದು ಲೆಕ್ಕ ಹಾಕಿದರೆ, ಗೋಡೆಯಲ್ಲಿ ಸುತ್ತಿನ ಸೆಳೆತವು ಉದ್ದದ ಸೆಳೆತದ ಎರಡರಷ್ಟಾಗುತ್ತದೆ. ಆದುದರಿಂದ ನಳಿಗೆಯು ಉದ್ದಕ್ಕೆ ಸೀಳಲು ನೋಡುತ್ತದೆ. ಪಟ್ಟಿಗಳ ಬೆಸುಗೆಯಿರುವುದೂ ಹಾಗೆಯೇ, ಉದ್ದಕ್ಕೆ! ಅದನ್ನು ತಡೆಯುವ ಭಾರವೆಲ್ಲ ಬಳೆಗಳದು.

ಬಳೆಯನ್ನು ಬಿಗಿಗೊಳಿಸುವ ಬಗೆಯನ್ನು ಸಂತಪುರದ ಹಿರಿಯರು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಕಂಡಿರಬೇಕು. 50 ಸೆಂಟಿಮೀಟರ್ ಅಡ್ಡಳತೆಯ ಬಳೆಯ ಉಷ್ಣತೆಯನ್ನು 600 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಿದರೆ ಅದು ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ; ತೊಡಿಸಿ ತಣಿಸಿದಾಗ ನಳಿಗೆಯನ್ನು ಅಮುಕಿ ಹಿಡಿಯುತ್ತದೆ. ಮದ್ದು ಮೊದಲು ಈ ಅಮುಕನ್ನು ಕಳೆಯಬೇಕು; ಆಮೇಲೆ ತಾನೆ ಒಳಗೋಡೆಗೆ ಸೆಳೆತ? ಕಮ್ಮಾರನ ಅಳತೆ ಕೆಲವೇ ಮಿಲಿಮೀಟರ್ ತಪ್ಪಿದರೂ ಬಳೆ ಸಡಿಲಾಗುತ್ತದೆ, ಇಲ್ಲವೆ ಏರುವುದೇ ಇಲ್ಲ.