ಹೊನ್ನ ನಾಣ್ಯದ ಜೋಡಿಗೆರೆ ಮತ್ತು ಪ್ರೂಫಿನ ಹೊಳಪು

ಹಳೆಯ ಚಿನ್ನದ ನಾಣ್ಯಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಲವೊಮ್ಮೆ ಅಕ್ಷರಗಳ ಪಕ್ಕದಲ್ಲೋ ಇಸವಿಯ ಅಂಕಿಗಳ ಬುಡದಲ್ಲೋ ಇನ್ನೊಂದು ಗೆರೆ ಕಾಣಿಸುತ್ತದೆ. ಈ ಜೋಡಿಗೆರೆ ಅಚ್ಚು ತಯಾರಾಗುವಾಗ ಹುಟ್ಟಿರಬಹುದು, ಅಚ್ಚು ಚಿನ್ನದ ಬಿಲ್ಲೆಯ ಮೇಲೆ ಬೀಳುವ ಗಳಿಗೆಯಲ್ಲಿ ಹುಟ್ಟಿರಬಹುದು, ಅಚ್ಚು ಸವೆದ ಮೇಲೂ ಹುಟ್ಟಿರಬಹುದು. ಯಾವ ಹಂತದಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಯಂತ್ರದ ಟಂಕಸಾಲೆಗಳಲ್ಲಿ ಉಬ್ಬುಚಿತ್ರವಿರುವ ಗಟ್ಟಿ ಉಕ್ಕಿನ ಮೂಲ ಅಚ್ಚನ್ನು ಮೆದು ಉಕ್ಕಿನೊಳಕ್ಕೆ ಒತ್ತಿ ಕೆಲಸದ ಅಚ್ಚು ತಯಾರಿಸುತ್ತಿದ್ದರು. ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದಾಗ ಉಕ್ಕು ಗಡುಸಾಗುತ್ತದೆ. ಕಾಯಿಸಿ ಮೆದುಮಾಡಿ ಮತ್ತೆ ಒತ್ತಬೇಕು. ಎರಡನೆಯ ಸಲ ಕೂದಲೆಳೆಯಷ್ಟು ಆಚೀಚೆಯಾದರೂ ಅಚ್ಚಿನಲ್ಲೇ ಎರಡು ಚಿತ್ರ ಕೂರುತ್ತವೆ, ಅದರಿಂದ ಹೊಡೆದ ಪ್ರತಿ ನಾಣ್ಯದಲ್ಲೂ ಅದೇ ಗುರುತು ಅದೇ ಜಾಗದಲ್ಲಿ ಮೂಡುತ್ತದೆ. ಇದು ನಿಜವಾದ ‘ಡಬಲ್ಡ್ ಡೈ’. ಅಮೆರಿಕದ ಚಿನ್ನದ ನಾಣ್ಯಗಳಲ್ಲಿ 1862ರ ಒಂದು ಡಾಲರ್, 1873ರ ಮತ್ತು 1888ರ ಇಪ್ಪತ್ತು ಡಾಲರ್ ನಾಣ್ಯಗಳು ಇದಕ್ಕೆ ಹೆಸರಾಂತ ಉದಾಹರಣೆಗಳು. 1873ರದರಲ್ಲಿ ದೋಷ ಮುಂಬದಿಯಲ್ಲಿದೆ, 1888ರದರಲ್ಲಿ ಹಿಂಬದಿಯಲ್ಲಿ. ಇಂಥ ಜೋಡಿಗೆರೆ ದುಂಡಗೆ ಉಬ್ಬಿರುತ್ತದೆ, ಅಕ್ಷರವನ್ನು ದಪ್ಪ ಮಾಡುತ್ತದೆ. ಅಕ್ಷರದ ಮೂಲೆಗಳಲ್ಲಿ ಚಿಕ್ಕ ಸೀಳು ಕಂಡರೆ ಅನುಮಾನ ಇನ್ನಷ್ಟು ಕಡಿಮೆಯಾಗುತ್ತದೆ.

ಇಸವಿಯ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಟಂಕಸಾಲೆಯಲ್ಲಿ ಇಸವಿಯನ್ನು ಪ್ರತಿಯೊಂದು ಕೆಲಸದ ಅಚ್ಚಿಗೂ ಕೈಯಿಂದ ಪಂಚು ಹೊಡೆದು ಮೂಡಿಸುತ್ತಿದ್ದರು. ಮೊದಲ ಏಟು ಸೊಟ್ಟಗಾದರೆ ಇನ್ನೊಂದು ಏಟು ಕೊಟ್ಟು ಸರಿಪಡಿಸುತ್ತಿದ್ದರು. ಹಳೆಯದರ ಚೂರು ಹೊಸದರ ಪಕ್ಕದಲ್ಲಿ ಉಳಿದುಬಿಡುತ್ತಿತ್ತು. ಅಂಕಿಗಳಷ್ಟೇ ಜೋಡಿಯಾಗಿ ಸುತ್ತಲಿನ ಅಕ್ಷರಗಳು ಸ್ವಚ್ಛವಾಗಿದ್ದರೆ ಕಾರಣ ಈ ಪಂಚಿನ ಏಟು. 1909ರ ಇಪ್ಪತ್ತು ಡಾಲರ್ ನಾಣ್ಯಗಳಲ್ಲಿ ಕೆಲವು ಮಾತ್ರ ಇದಕ್ಕೆ ಹೊರತು. ಆ ಹೊತ್ತಿಗೆ ಇಸವಿ ಮೂಲ ಅಚ್ಚಿನಲ್ಲೇ ಸೇರಿಕೊಂಡಿತ್ತು. 1908ರ ಮೂಲ ಅಚ್ಚಿನಿಂದ ಒಮ್ಮೆ, 1909ರದರಿಂದ ಇನ್ನೊಮ್ಮೆ ಒತ್ತಿದ ಅಚ್ಚೊಂದು ಬಳಕೆಗೆ ಬಂದದ್ದರಿಂದ 9ರ ಒಳಗೆ 8 ಇಣುಕುತ್ತದೆ.

ದೋಷ ಇನ್ನೂ ಮೇಲಿನ ಹಂತದಲ್ಲಿ ಆಗಿದ್ದರೆ ಅದಕ್ಕೆ ಅಪರೂಪದ ಬೆಲೆಯೇ ಇಲ್ಲ. ಜೇಮ್ಸ್ ಲಾಂಗೇಕರ್ ರೂಪಿಸಿದ ಮೊದಲ ಇಪ್ಪತ್ತು ಡಾಲರ್ ನಾಣ್ಯದಲ್ಲಿ ‘ಲಿಬರ್ಟಿ’ ಪದದ ಎರಡನೆಯ ಅಕ್ಷರ ‘ಐ’ ಬೀಳಬೇಕಾದಲ್ಲಿ ‘ಎಲ್’ ಬಿದ್ದು, ಆಮೇಲೆ ಅದನ್ನು ತಿದ್ದಲಾಯಿತು. ತಿದ್ದಿದ ಗುರುತು ಮೂಲ ಅಚ್ಚಿನಲ್ಲೇ ಉಳಿದದ್ದರಿಂದ 1850ರ ದಶಕದ ನಾಣ್ಯಗಳಲ್ಲಿ ಅದು ಸರ್ವೇಸಾಮಾನ್ಯ. ಹೊಸದಾಗಿ ಸಂಗ್ರಹಕ್ಕೆ ಇಳಿದವರು ನಿಧಿ ಸಿಕ್ಕಿತೆಂದು ಹಿಗ್ಗುವುದು ಇಲ್ಲೇ.

ಆದರೆ ಜನ ಜೋಡಿಯೆಂದು ತೋರಿಸುವ ನಾಣ್ಯಗಳಲ್ಲಿ ಹೆಚ್ಚಿನವು ಯಂತ್ರದ ಅಲುಗಾಟದ ಫಲ. ಹಿಡಿ ಸಡಿಲವಾದ ಅಚ್ಚು ಏಟಿನ ಬಳಿಕ ಕೊಂಚ ಜರುಗಿ, ಆಗಷ್ಟೇ ಮೂಡಿದ ಅಕ್ಷರದ ಬದಿಯನ್ನು ಒರೆಸಿಬಿಡುತ್ತದೆ. ಇದು ಚಪ್ಪಟೆಯಾದ, ತಗ್ಗಾದ, ಹೊಳೆಯುವ ಮೆಟ್ಟಿಲಿನಂತೆ ಕಾಣುತ್ತದೆ. ಅಕ್ಷರಕ್ಕೆ ಏನೂ ಸೇರಿರುವುದಿಲ್ಲ, ಇದ್ದದ್ದೇ ಸಣ್ಣಗಾಗಿರುತ್ತದೆ. ಅದೇ ಅಚ್ಚಿನ ಮುಂದಿನ ನಾಣ್ಯದಲ್ಲಿ ಅದು ಇಲ್ಲದೆಯೂ ಇರಬಹುದು. ಮಾರುವವರು ಇದಕ್ಕೆ ಎಂಥ ಹೆಸರು ಕೊಟ್ಟರೂ ಹೆಚ್ಚುವರಿ ಬೆಲೆ ಕೊಡಬೇಕಾಗಿಲ್ಲ. ಸವೆದ ಅಚ್ಚಿನ ಜೋಡಿಗೆರೆಯೂ ಇದೇ ದರ್ಜೆಯದು. ಅಲ್ಲಿ ಅಂಚುಗಳು ಮಸುಕಾಗಿ ಹರಡಿರುತ್ತವೆ, ಬಯಲಿನ (ಚಿತ್ರ, ಅಕ್ಷರಗಳಿಲ್ಲದ ಖಾಲಿ ಜಾಗದ) ಮೇಲ್ಮೈ ತರಿತರಿಯಾಗಿರುತ್ತದೆ.

ಬಿಲ್ಲೆಯೇ ಎರಡು ಸಲ ಏಟು ತಿಂದು ನಡುವೆ ಜರುಗಿದ್ದರೆ ಮೊದಲ ಚಿತ್ರ ಜಜ್ಜಿಹೋಗಿ ಅದರ ನೆರಳಷ್ಟೇ ಉಳಿಯುತ್ತದೆ. ಸುತ್ತಿಗೆಯಿಂದ ಹೊಡೆದ ವಿಜಯನಗರದ ವರಾಹದಂಥ ನಾಣ್ಯಗಳಲ್ಲಿ ಇದು ಕಾಣಸಿಗುವುದು ಸಹಜ. ಯಂತ್ರಯುಗದ ಚಿನ್ನದಲ್ಲಿ ಅಪರೂಪ.

ಸಂಗ್ರಾಹಕರಿಗಾಗಿ ವಿಶೇಷವಾಗಿ ಹೊಡೆಯುವ ಪ್ರೂಫ್ ನಾಣ್ಯದಲ್ಲಿ ಮಾತ್ರ ಎರಡನೆಯ ಏಟು ಉದ್ದೇಶಪೂರ್ವಕ. ಪಾಲಿಶ್ ಮಾಡಿದ ಬಿಲ್ಲೆಯನ್ನು ಪಾಲಿಶ್ ಮಾಡಿದ ಅಚ್ಚುಗಳ ನಡುವೆ ಕೈಯಿಂದ ಇಟ್ಟು, ನಿಧಾನವಾಗಿ, ಹೆಚ್ಚಿನ ಬಲದಿಂದ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಹಾಗಾಗಿ ಅಂಚು ಚೌಕವಾಗಿ, ಚೂಪಾಗಿ ನಿಲ್ಲುತ್ತದೆ. ಕೂದಲಿನ ಎಳೆ, ಗರಿಯ ಗೆರೆ ಪೂರ್ತಿ ಮೂಡುತ್ತವೆ. ಹೊಸದಾಗಿ ಪಾಲಿಶ್ ಆದ ಅಚ್ಚಿನಿಂದ ಬಂದ ಮೊದಲ ಸಾಮಾನ್ಯ ನಾಣ್ಯಗಳೂ ಕನ್ನಡಿಯಂತೆ ಹೊಳೆಯುವುದರಿಂದ ಬಯಲಿನ ಹೊಳಪೊಂದನ್ನೇ ನಂಬುವಂತಿಲ್ಲ. ಅಕ್ಷರಗಳ ನಡುವಿನ ಇಕ್ಕಟ್ಟಾದ ಜಾಗದಲ್ಲೂ ಗುರಾಣಿಯ ಪಟ್ಟಿಗಳ ನಡುವೆಯೂ ಕನ್ನಡಿ ಇದೆಯೇ ಎಂದು ನೋಡಬೇಕು. ಆಮೇಲೆ ಉಜ್ಜಿ ಹೊಳಪೇರಿಸಿದ ನಾಣ್ಯದಲ್ಲಿ ಸಣ್ಣ ಗೀರುಗಳು ಬಯಲಿನಿಂದ ಅಕ್ಷರದ ಮೇಲೆ ಹತ್ತಿ ಇಳಿಯುತ್ತವೆ, ಅಂಚು ದುಂಡಗಾಗಿರುತ್ತದೆ. ಬ್ರಿಟನ್ನಿನ 1887ರ ಸವರನ್‌ನಲ್ಲಿ ಪ್ರೂಫ್ 797 ಮಾತ್ರ, ಸಾಮಾನ್ಯ ನಾಣ್ಯಗಳು ಹತ್ತು ಲಕ್ಷ ದಾಟಿದವು. ತೂಕ ಎರಡಕ್ಕೂ 7.98 ಗ್ರಾಂ. ತಕ್ಕಡಿ ಇಲ್ಲಿ ಏನೂ ಹೇಳುವುದಿಲ್ಲ.

ಕೆಲವು ಇಸವಿಗಳು ಸ್ವತಃ ಸಾಕ್ಷಿ ಹೇಳುತ್ತವೆ. ಫಿಲಡೆಲ್ಫಿಯಾದಲ್ಲಿ 1883, 1884, 1887ರಲ್ಲಿ ಇಪ್ಪತ್ತು ಡಾಲರಿನ ಪ್ರೂಫ್ ಮಾತ್ರ ಹೊಡೆದರು: ಅನುಕ್ರಮವಾಗಿ 92, 71, 121. ಈ ಇಸವಿಯ, ಟಂಕಸಾಲೆಯ ಗುರುತಿಲ್ಲದ ನಾಣ್ಯ ಪ್ರೂಫಿನ ಲಕ್ಷಣ ತೋರದಿದ್ದರೆ ಹಿಂಬದಿಯಲ್ಲಿ ಹದ್ದಿನ ಬಾಲದ ಕೆಳಗೆ ಬೇರೆ ಟಂಕಸಾಲೆಯ ಗುರುತನ್ನು ಕೆರೆದ ಕಲೆ ಇದೆಯೇ ಎಂದು ಹುಡುಕಬೇಕು.

ಪ್ರೂಫ್ ಎಂದರೆ ಹೊಳೆಯಲೇಬೇಕೆಂಬ ನಿಯಮವೂ ಇಲ್ಲ. ಅಮೆರಿಕ 1908ರಲ್ಲಿ ಮರಳು ಸಿಡಿಸಿದ ಮಂದ ಮೇಲ್ಮೈಯ ಚಿನ್ನದ ಪ್ರೂಫ್ ಹೊರಡಿಸಿತು. ಸಂಗ್ರಾಹಕರಿಗೆ ರುಚಿಸಲಿಲ್ಲ. 1909 ಮತ್ತು 1910ರಲ್ಲಿ ನಯವಾದ ಹೊಳಪು ಕೊಟ್ಟು, 1911ರಿಂದ 1915ರವರೆಗೆ ಮತ್ತೆ ಮಂದಕ್ಕೆ ಮರಳಿದರು. ಇಲ್ಲಿ ಕನ್ನಡಿ ಹುಡುಕಿದವರಿಗೆ ಏನೂ ಸಿಗದು. ಅಂಚಿನ ಚೂಪು, ಒಂದೇ ಸಮನಾದ ಮೇಲ್ಮೈಯೇ ಆಧಾರ. ಶಿಲ್ಪಿ ಸೇಂಟ್ ಗಾಡೆನ್ಸ್ ರೂಪಿಸಿದ 1907ರ ಎತ್ತರ ಉಬ್ಬಿನ ಇಪ್ಪತ್ತು ಡಾಲರ್ ನಾಣ್ಯವಂತೂ ಲಕ್ಷಣದ ಗಡಿಯನ್ನೇ ಅಲುಗಾಡಿಸುತ್ತದೆ. ಅದರ ಪ್ರತಿ ನಾಣ್ಯಕ್ಕೂ ಹಲವು ಏಟು ಬೇಕಿತ್ತು, ಹಾಗಾಗಿ ಯಾವುದನ್ನು ಪ್ರೂಫ್ ಎನ್ನಬೇಕೆಂಬುದರಲ್ಲಿ ಪರಿಣತರಲ್ಲೇ ಒಮ್ಮತವಿಲ್ಲ.

ಭಾರತದಲ್ಲಿ ಇನ್ನೊಂದು ತೊಡಕು. ಈಸ್ಟ್ ಇಂಡಿಯಾ ಕಂಪನಿಯ 1835 ಮತ್ತು 1841ರ ಇಸವಿಯ ಮೊಹರುಗಳನ್ನು ಸಂಗ್ರಾಹಕರಿಗಾಗಿ ಎಷ್ಟೋ ವರ್ಷಗಳ ನಂತರ ಪ್ರೂಫ್ ಹೊಳಪಿನಲ್ಲಿ ಮತ್ತೆ ಹೊಡೆದರು. ಆದ್ದರಿಂದ ಪ್ರೂಫ್ ಎಂದು ಖಚಿತವಾದ ಮಾತ್ರಕ್ಕೆ ನಾಣ್ಯದ ವಯಸ್ಸು ಗೊತ್ತಾಗದು. ಅದಕ್ಕೆ ಅಚ್ಚಿನ ಬಿರುಕು, ತುಕ್ಕಿನ ಚುಕ್ಕೆ, ಅಕ್ಷರಗಳ ಅಂತರ ಇವನ್ನು ಖಚಿತ ಮೂಲದ ನಾಣ್ಯದ ಚಿತ್ರದೊಂದಿಗೆ ಹೋಲಿಸಬೇಕಾಗುತ್ತದೆ.